ಮೇಣದ ಮರೆಯಲ್ಲಿ ಉಳಿಯುವ ಜೀವ

ಮಲೆನಾಡಿನ ಶೆಟ್ಟಿಕೊಪ್ಪದ ಸುತ್ತಿನ ಊರುಗಳಲ್ಲಿ ಸೀಮಂತವೆಂದರೆ ಹಣ್ಣಿನ ತಟ್ಟೆಗಳ ಸಾಲು. ಒಂದು ಕಾಲಕ್ಕೆ ಆ ತಟ್ಟೆಗಳಲ್ಲಿ ತೋಟದ ಪುಟ್ಟಬಾಳೆಯ ಚಿಪ್ಪು, ಕಾಫಿ ಗಿಡಗಳ ನಡುವೆ ಬೆಳೆದ ಕಿತ್ತಳೆ, ಹಿತ್ತಲಿನ ಪೇರಲೆ, ಚಕ್ಕೋತ ಇರುತ್ತಿದ್ದವು. ಈಗಲೂ ಇವೆ, ಆದರೆ ತಟ್ಟೆಯ ನಡುವಿನ ಜಾಗ ಸೇಬಿನದು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಕೊಪ್ಪಕ್ಕೋ ಶಿವಮೊಗ್ಗಕ್ಕೋ ಹೊರಟವರ ಕೈಚೀಲದಲ್ಲೂ ಸೇಬು. ವಯಸ್ಸಾದ ಅಜ್ಜಿಯನ್ನು ಮಾತಾಡಿಸಿ ಬರಲು ಹೋದರೂ ಸೇಬು. ಬಸುರಿ, ಬಾಣಂತಿ, ಎಳೆಮಗು, ರೋಗಿ, ವೃದ್ಧರು: ನಮ್ಮ ಪ್ರೀತಿ ಹಣ್ಣಿನ ರೂಪದಲ್ಲಿ ಮೊದಲು ತಲುಪುವುದು ಇವರನ್ನು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಅತಿ ಹೆಚ್ಚು ಕಾಡುವುದೂ ಇವರನ್ನೇ. ಹಾಗಾಗಿ ಹಣ್ಣಿನ ಸಿಪ್ಪೆಯ ಮೇಲೆ ಏನಿದೆ ಎಂಬ ಪ್ರಶ್ನೆ ನಮ್ಮ ಮನೆಯೊಳಗಿನ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಕೇಳುತ್ತಿಲ್ಲ ಎಂದಲ್ಲ. ಚಾಕುವಿನಿಂದ ಸೇಬನ್ನು ಕೆರೆದು, ಬಿಳಿಯ ಪುಡಿ ಏಳುವುದನ್ನು ತೋರಿಸುವ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿವೆ. ಆ ಭಯ ಈಗ ಅಂಗಡಿಯ ಮುಂದೆ ಮಾತಾಗಿ ಬರುತ್ತದೆ.

“ಮೇಣ ಹಾಕಿದ್ದಾರೇನಣ್ಣ ಇದಕ್ಕೆ?”

“ಅಯ್ಯೋ ಇಲ್ಲಕ್ಕ, ಹಣ್ಣಿಂದೇ ಹೊಳಪು. ನೋಡಿ ಬೇಕಾದ್ರೆ.”

ಹಾಗೆನ್ನುತ್ತಲೇ ಅಂಗಡಿಯವರು ಪಕ್ಕದಲ್ಲಿದ್ದ ಬಟ್ಟೆಯಿಂದ ಹಣ್ಣನ್ನು ಇನ್ನೊಮ್ಮೆ ಉಜ್ಜಿ ಕೈಗಿಡುತ್ತಾರೆ. ಕೇಳಿದವರ ಭಯ ಮೇಣದ ಮೇಲೆ, ಹೇಳಿದವರ ಸಮಾಧಾನವೂ ಮೇಣದ ಮೇಲೆ. ಆ ಬಟ್ಟೆಯ ಕಡೆ ಇಬ್ಬರ ಗಮನವೂ ಹೋಗುವುದಿಲ್ಲ. ಈ ಶತಮಾನದಲ್ಲಿ ವಿಜ್ಞಾನಿಗಳು ಕಂಡುಕೊಂಡ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ನಾವು ಕೇಳಬೇಕಾದದ್ದು ಆ ಬಟ್ಟೆಯ ಬಗ್ಗೆ, ಹಣ್ಣು ತೊಳೆದ ನೀರಿನ ಬಗ್ಗೆ, ಮೇಣ ಬಳಿದ ಬ್ರಷ್‌ನ ಬಗ್ಗೆ. ಮೇಣ ತಾನಾಗಿ ವಿಷವಲ್ಲ. ಆದರೆ ತನ್ನ ಅಡಿಯಲ್ಲಿ ಸಿಕ್ಕಿಬಿದ್ದ ಬ್ಯಾಕ್ಟೀರಿಯಾವನ್ನು ಅದು ತಿಂಗಳುಗಟ್ಟಲೆ ಕಾಪಾಡಬಲ್ಲದು.

ಗಿಡವೇ ಬಳಿದುಕೊಂಡ ಮೇಣ

ಮಲೆನಾಡಿನವರಿಗೆ ಗಿಡದ ಮೇಣ ಹೊಸದಲ್ಲ. ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಹನಿಹನಿಯಾಗಿ ಉರುಳುವುದು ಎಲೆಯ ಮೇಲ್ಮೈಯ ಮೇಣದಿಂದ. ಬೂದುಗುಂಬಳದ ಮೈಮೇಲಿನ ಬೂದಿಯಂಥ ಪುಡಿಯೂ ಮೇಣವೇ. ದ್ರಾಕ್ಷಿಯ ಮೇಲಿನ ಮಬ್ಬು, ಸೇಬಿನ ಸಿಪ್ಪೆಯ ಜಿಡ್ಡು ಎಲ್ಲವೂ ಅದೇ ಜಾತಿಯವು. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ಶಿಲೀಂಧ್ರ ಒಳಗೆ ಇಳಿಯದಂತೆ ಗಿಡ ತಾನೇ ಹಾಕಿಕೊಂಡ ಹೊದಿಕೆ ಇದು. ಚಾಕುವಿನಿಂದ ಕೆರೆದಾಗ ಏಳುವ ಬಿಳಿಯ ಪುಡಿಯಲ್ಲಿ ಹಣ್ಣಿನ ಸ್ವಂತ ಮೇಣವೂ ಇರುತ್ತದೆ.

ಕೊಯ್ದ ಸೇಬನ್ನು ದೊಡ್ಡ ಪ್ಯಾಕಿಂಗ್ ಹೌಸ್‌ಗಳಲ್ಲಿ ನೀರಿನ ಕಾಲುವೆಗೆ ಸುರಿದು, ಸಾಲು ಬ್ರಷ್‌ಗಳ ಮೇಲೆ ಹೊರಳಿಸಿ ತೊಳೆಯುತ್ತಾರೆ. ಮಣ್ಣು, ಧೂಳು, ಔಷಧಿಯ ಉಳಿಕೆ ಹೋಗುವ ಜೊತೆಗೆ ಸಹಜ ಮೇಣವೂ ಸ್ವಲ್ಪ ಹೋಗುತ್ತದೆ. ಹಾಗೆ ಬಿಟ್ಟರೆ ಹಣ್ಣು ಬೇಗ ಸುಕ್ಕುಗಟ್ಟುತ್ತದೆ. ಕಳೆದುಹೋದದ್ದನ್ನು ತುಂಬಿಕೊಡಲು ಬೇರೆ ಮೇಣ ಬಳಿಯುತ್ತಾರೆ. ಒಂದು ಹಣ್ಣಿಗೆ ಹಿಡಿಯುವುದು ಒಂದೆರಡು ಹನಿ.

ಆ ಹನಿಯಲ್ಲಿ ಸಾಮಾನ್ಯವಾಗಿ ಇರುವುದು ಎರಡರಲ್ಲಿ ಒಂದು. ಬ್ರೆಜಿಲ್‌ನ ಒಂದು ತಾಳೆಯ ಎಲೆಯಿಂದ ತೆಗೆದ ಕಾರ್ನೌಬಾ ಮೇಣ, ಇಲ್ಲವೇ ಶೆಲ್ಲಾಕ್, ಅಂದರೆ ನಮ್ಮ ಅರಗು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದ ಜೊತೆ ಮೆರುಗು ಕೊಡುವ ಅರಗು, ಸೇಬಿನ ಮೇಲಿನ ಅರಗು, ಎಲ್ಲವೂ ಮರದ ಕೊಂಬೆಯ ಮೇಲೆ ಕೂತ ಸಣ್ಣ ಕೀಟ ಸುರಿಸಿದ ರಾಳ. ಭಾರತದಿಂದ ಇದು ಶತಮಾನಗಳಿಂದ ಹೊರದೇಶಗಳಿಗೆ ಹೋಗುತ್ತಿದೆ. ಆಹಾರ ಸಂಯೋಜಕಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಜೇನುಮೇಣಕ್ಕೆ 901, ಕಾರ್ನೌಬಾಕ್ಕೆ 903, ಅರಗಿಗೆ 904 ಎಂಬ ಸಂಖ್ಯೆಗಳಿವೆ.

ಹಣ್ಣಿಗೆ ಮೇಣ ಬಳಿಯುವ ವಿದ್ಯೆಗೆ ಕರ್ನಾಟಕದ ನಂಟೂ ಇದೆ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಾವು ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆ, ‘ವ್ಯಾಕ್ಸಾಲ್’ ಎಂಬ ಮೇಣದ ದ್ರಾವಣವನ್ನು ರೂಪಿಸಿತು. ಮಾವು, ಕಿತ್ತಳೆಯಂಥ ಹಣ್ಣುಗಳನ್ನು ಅದರಲ್ಲಿ ಅದ್ದಿ ತೆಗೆದರೆ ತೇವ ಉಳಿದು, ಕೋಲ್ಡ್ ಸ್ಟೋರೇಜ್ ಇಲ್ಲದ ಕಡೆಯೂ ಕೆಲವು ದಿನ ಹೆಚ್ಚು ತಾಳುತ್ತವೆ. ಬೆಳೆದ ಹಣ್ಣು ಗಿರಾಕಿಯ ಮನೆ ಸೇರುವ ಮೊದಲೇ ಕೊಳೆಯುವ ದೇಶದಲ್ಲಿ ಇದು ರೈತನ ಪರವಾದ ಸಂಶೋಧನೆ. ಆದ್ದರಿಂದ ಮೇಣ ಕಂಡೊಡನೆ ಮೋಸ ಎಂದು ಕೂಗುವುದು ಸರಿಯಲ್ಲ.

ಆದರೆ ಒಂದು ಮಾತು ಇಲ್ಲೇ ನೆನಪಿಡಬೇಕು. ಹಣ್ಣಿಗೆ ಸಿಂಪಡಿಸುವ ಮೇಣ ಮೇಣದಬತ್ತಿಯಂತೆ ಗಟ್ಟಿಯಾದದ್ದೂ ಅಲ್ಲ, ಕುದಿಸಿ ಬಳಿಯುವಂಥದ್ದೂ ಅಲ್ಲ. ಅದರ ಬಹುಪಾಲು ನೀರು. ಅರಗನ್ನಾಗಲಿ ಕಾರ್ನೌಬಾವನ್ನಾಗಲಿ ನೀರಿನಲ್ಲಿ ಹದವಾಗಿ ಬೆರೆಸಿ, ತಣ್ಣಗೆ ಸಿಂಪಡಿಸಿ, ಬ್ರಷ್‌ನಿಂದ ಹರಡಿ, ಗಾಳಿಯಲ್ಲಿ ಒಣಗಿಸುತ್ತಾರೆ. ಅಂದರೆ ಅಲ್ಲಿ ಬ್ಯಾಕ್ಟೀರಿಯಾ ಸಾಯುವಷ್ಟು ಬಿಸಿ ಎಲ್ಲೂ ಇಲ್ಲ. ಮೇಣ ಬಳಿದ ಮೇಲೆ ಮತ್ತೆ ತೊಳೆಯುವುದೂ ಇಲ್ಲ. ಆ ಕ್ಷಣಕ್ಕೆ ಸಿಪ್ಪೆಯ ಮೇಲೆ ಏನಿತ್ತೋ ಅದು ಒಳಗೆ ಉಳಿಯಿತು.

2014ರ ಚಳಿಗಾಲ

ಇದರ ಅಪಾಯ ಜಗತ್ತಿಗೆ ತಿಳಿದದ್ದು ಅಮೆರಿಕದಲ್ಲಿ. ಅಲ್ಲಿ ಶರತ್ಕಾಲದ ಹಬ್ಬಗಳಿಗೆ ಸೇಬಿಗೆ ಕಡ್ಡಿ ಚುಚ್ಚಿ, ಕ್ಯಾರಮೆಲ್ ಎಂಬ ಬಿಸಿ ಸಕ್ಕರೆ ಪಾಕದಲ್ಲಿ ಅದ್ದಿ ಮಕ್ಕಳಿಗೆ ಕೊಡುವ ಪದ್ಧತಿ ಇದೆ. 2014ರ ಅಕ್ಟೋಬರ್‌ನಿಂದ ಬೇರೆ ಬೇರೆ ರಾಜ್ಯಗಳಲ್ಲಿ ಲಿಸ್ಟೀರಿಯಾ ಸೋಂಕಿನ ರೋಗಿಗಳು ಕಾಣಿಸಿಕೊಂಡರು. ತನಿಖೆ ಮುಗಿಯುವ ಹೊತ್ತಿಗೆ 12 ರಾಜ್ಯಗಳಲ್ಲಿ 35 ಮಂದಿ ಸೋಂಕಿತರು. ಅವರಲ್ಲಿ 34 ಜನ ಆಸ್ಪತ್ರೆ ಸೇರಿದ್ದರು, 7 ಜನ ತೀರಿಕೊಂಡಿದ್ದರು. ಅವುಗಳಲ್ಲಿ ಕನಿಷ್ಠ 3 ಸಾವಿಗೆ ಈ ಸೋಂಕೇ ಕಾರಣ ಅಥವಾ ಪೂರಕವಾಗಿತ್ತು. 11 ಪ್ರಕರಣಗಳು ಗರ್ಭಿಣಿಯರಿಗೆ ಅಥವಾ ಅವರ ಶಿಶುಗಳಿಗೆ ಸಂಬಂಧಿಸಿದ್ದವು, ಒಂದು ಗರ್ಭ ಉಳಿಯಲಿಲ್ಲ. ಅದುವರೆಗೆ ಆರೋಗ್ಯವಾಗಿದ್ದ ಮೂವರು ಮಕ್ಕಳಿಗೆ ಮೆದುಳು ಪೊರೆಯ ಉರಿಯೂತ ಬಂದಿತ್ತು.

ಜಾಡು ಹೋಗಿ ನಿಂತದ್ದು ಕ್ಯಾಲಿಫೋರ್ನಿಯಾದ ಬಿಡಾರ್ಟ್ ಬ್ರದರ್ಸ್ ಎಂಬ ಸೇಬು ಪ್ಯಾಕಿಂಗ್ ಕೇಂದ್ರದಲ್ಲಿ. 2015ರ ಜನವರಿಯಲ್ಲಿ ಆ ಕಂಪನಿ ತನ್ನ ಗ್ರ್ಯಾನಿ ಸ್ಮಿತ್ ಮತ್ತು ಗಾಲಾ ಸೇಬುಗಳನ್ನೆಲ್ಲ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡಿತು.

ಆಹಾರ ವಿಜ್ಞಾನಿಗಳಿಗೆ ಇದು ಅಚ್ಚರಿಯ ಸುದ್ದಿ. ಸೇಬು ಹುಳಿ ಹಣ್ಣು, ಅದರ ತಿರುಳಿನಲ್ಲಿ ಲಿಸ್ಟೀರಿಯಾ ಸುಲಭವಾಗಿ ಬೆಳೆಯದು. ಕ್ಯಾರಮೆಲ್‌ನಲ್ಲಿ ನೀರಿನಂಶ ತೀರ ಕಡಿಮೆ, ಅಲ್ಲೂ ಬೆಳೆಯದು. ಎರಡೂ ಸುರಕ್ಷಿತವೆಂದೇ ಎಲ್ಲರೂ ನಂಬಿದ್ದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಟ್ಟಿತು. ಕಡ್ಡಿ ಚುಚ್ಚಿದ ಜಾಗದಿಂದ ಹಣ್ಣಿನ ರಸ ಒಸರಿ, ಸಿಪ್ಪೆಗೂ ಪಾಕಕ್ಕೂ ನಡುವೆ ತೆಳ್ಳನೆಯ ತೇವದ ಪದರ ಆಗುತ್ತದೆ. ಅಲ್ಲಿ ಹುಳಿಯೂ ಕಡಿಮೆ, ಸಕ್ಕರೆಯ ಗಟ್ಟಿತನವೂ ಕಡಿಮೆ, ತೇವ ಮಾತ್ರ ಸಾಕಷ್ಟು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಕಡ್ಡಿ ಸೇಬುಗಳಲ್ಲಿ ಲಿಸ್ಟೀರಿಯಾ ಮೂರು ದಿನದೊಳಗೆ 1000 ಪಟ್ಟು ಹೆಚ್ಚಿತು. ಫ್ರಿಜ್‌ನ 7 ಡಿಗ್ರಿಯಲ್ಲಿ ನಿಧಾನವಾಗಿಯಾದರೂ ಬೆಳೆಯಿತು. ಕಡ್ಡಿ ಇಲ್ಲದ, ಫ್ರಿಜ್‌ನಲ್ಲಿಟ್ಟ ಹಣ್ಣಿನಲ್ಲಿ ನಾಲ್ಕು ವಾರ ಕಳೆದರೂ ಬೆಳೆಯಲಿಲ್ಲ.

ಹಣ್ಣಿನ ಮೇಲೆ ಹೊದಿಕೆ ಹಾಕಿದಾಗ ಅದರ ಅಡಿಯಲ್ಲಿ ಬೇರೆಯದೇ ಒಂದು ವಾತಾವರಣ ಹುಟ್ಟುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಇನ್ನೊಂದು ಸಂಗತಿಯೂ ತನಿಖೆಯಲ್ಲಿ ಹೊರಬಿತ್ತು. ಕೆಲವು ರೋಗಿಗಳು ಕ್ಯಾರಮೆಲ್ ಸೇಬನ್ನೇ ತಿಂದಿರಲಿಲ್ಲ. ಬರೀ ಸೇಬು ತಿಂದಿದ್ದರು.

160 ದಿನಗಳ ಕಾಯುವಿಕೆ

ಹಾಗಾದರೆ ಪಾಕವಿಲ್ಲದ, ಕೇವಲ ಮೇಣ ಬಳಿದ ಸೇಬಿನ ಕಥೆ ಏನು? ಅಮೆರಿಕದ ಸಂಶೋಧಕರು 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ರೆಡ್ ಡೆಲಿಷಿಯಸ್, ಗ್ರ್ಯಾನಿ ಸ್ಮಿತ್, ಫ್ಯೂಜಿ ಎಂಬ ಮೂರು ತಳಿಗಳ ಸೇಬಿಗೆ ಲಿಸ್ಟೀರಿಯಾ ಸೋಂಕಿಸಿ, ಕೆಲವಕ್ಕೆ ಮೇಣ ಬಳಿದು, ಕೆಲವನ್ನು ಹಾಗೇ ಬಿಟ್ಟು, ವ್ಯಾಪಾರಿ ದಾಸ್ತಾನಿನಂಥದೇ ಸ್ಥಿತಿಯಲ್ಲಿ 160 ದಿನ ಇಟ್ಟರು. ತೊಟ್ಟಿನ ಕುಳಿಯಲ್ಲೂ ಅದರ ಎದುರು ತುದಿಯ, ಹೂ ಉದುರಿದ ಕುಳಿಯಲ್ಲೂ ಬ್ಯಾಕ್ಟೀರಿಯಾ ಕೊನೆಯ ದಿನದವರೆಗೆ ಬದುಕಿತ್ತು. ಎರಡು ತಿಂಗಳು ಕಳೆದ ಮೇಲೆ, ತಳಿ ಯಾವುದೇ ಇರಲಿ, ಮೇಣ ಬಳಿದ ಹಣ್ಣಿನಲ್ಲಿ ಉಳಿದ ಬ್ಯಾಕ್ಟೀರಿಯಾ ಮೇಣವಿಲ್ಲದ ಹಣ್ಣಿಗಿಂತ ಗಮನಾರ್ಹವಾಗಿ ಹೆಚ್ಚಿತ್ತು.

ಈ ಅಂಕಿಗಳನ್ನು ನಮ್ಮ ಅಂಗಡಿಯ ಹಣ್ಣಿಗೆ ಹೊಂದಿಸಿ ನೋಡಿ. ಸೇಬನ್ನು ಆಮ್ಲಜನಕ ಕಡಿಮೆ ಮಾಡಿದ ಶೀತಲ ಕೋಣೆಗಳಲ್ಲಿ ಹತ್ತು ತಿಂಗಳಾದರೂ ಇಡುತ್ತಾರೆ. ಹೊರದೇಶದ ಹಣ್ಣು ಹಡಗಿನಲ್ಲಿ ವಾರಗಟ್ಟಲೆ ಬಂದು, ದೊಡ್ಡ ಮಾರುಕಟ್ಟೆ ದಾಟಿ, ಘಾಟಿ ಹತ್ತಿ ನಮ್ಮ ಪೇಟೆಗೆ ಬರುತ್ತದೆ. ಉಳಿದ ಅನೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಚಳಿ ತಡೆಯುತ್ತದೆ. ಲಿಸ್ಟೀರಿಯಾ ಮಾತ್ರ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೂ ಬೆಳೆಯಬಲ್ಲದು. ತಣ್ಣಗಿಟ್ಟರೆ ಸುರಕ್ಷಿತ ಎಂಬ ನಮ್ಮ ನಂಬಿಕೆ ಇದರ ಮುಂದೆ ನಿಲ್ಲುವುದಿಲ್ಲ.

ಅಂಗಡಿಯ ಬಟ್ಟೆಯ ವಿಚಾರಕ್ಕೆ ಬಂದರೆ, ಜಾರ್ಜಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2001ರಲ್ಲೇ ಒಂದು ಪ್ರಯೋಗ ಪ್ರಕಟಿಸಿದ್ದರು. ಇ.ಕೊಲೈ ಒ157:ಎಚ್7 ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಸೋಂಕಿಸಿದ ಸೇಬುಗಳನ್ನು ತೊಳೆದು, ಉಜ್ಜಿ, ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಿಪ್ಪೆಯ ಸಹಜ ಮೇಣ ಒಂದೇ ಸಮನಾದ ಹಾಳೆಯಲ್ಲ, ಬೇಸಿಗೆಯ ಕೆರೆಯಂಗಳದಂತೆ ಸೀಳುಬಿಟ್ಟ ಚಕ್ಕೆಗಳ ರಾಶಿ. ಹಣ್ಣನ್ನು ಉಜ್ಜಿ ಹೊಳಪು ಬರಿಸುವಾಗ ಆ ಚಕ್ಕೆಗಳು ಒತ್ತಿ ಹರಡಿಕೊಂಡು, ಸೀಳುಗಳಲ್ಲಿದ್ದ ಬ್ಯಾಕ್ಟೀರಿಯಾದ ಮೇಲೆ ಮುಚ್ಚಳದಂತೆ ಕೂರಬಲ್ಲವು. ಹೀಗೆ ಮುಚ್ಚಿಹೋದ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ತಾಗದೆ ಹೋಗಬಹುದು, ಹಣ್ಣು ಕಚ್ಚಿದಾಗಲೋ ಹಿಂಡಿದಾಗಲೋ ಅದು ಹೊರಬೀಳಬಹುದು ಎಂದು ಅವರು ಎಚ್ಚರಿಸಿದರು. ಅಂದರೆ ಮೇಣವನ್ನೇ ಬಳಿಯದ ಕಾಶ್ಮೀರದ ಹಣ್ಣಿನಲ್ಲೂ ಈ ಮುಚ್ಚಳ ಸಿದ್ಧವಾಗಬಹುದು. ಅದಕ್ಕೆ ಬೇಕಾದದ್ದು ದಿನವಿಡೀ ನೂರಾರು ಹಣ್ಣನ್ನು ಒರೆಸಿದ ಒಂದು ಒದ್ದೆ ಬಟ್ಟೆ ಮಾತ್ರ.

ಅದೇ ವಿಶ್ವವಿದ್ಯಾಲಯದ ತಂಡ 2002ರಲ್ಲಿ ವ್ಯಾಪಾರಿ ಮೇಣಗಳನ್ನೇ ಪರೀಕ್ಷೆಗೆ ಒಡ್ಡಿತು. ಇ.ಕೊಲೈ ಮತ್ತು ಸಾಲ್ಮೊನೆಲ್ಲಾ ಇದ್ದ ಸೇಬುಗಳಿಗೆ ಮೇಣ ಹಚ್ಚಿ ಒಣಗಿಸಿದಾಗ, ಆಮೇಲೆ ದಾಸ್ತಾನಿಟ್ಟಾಗ ಬ್ಯಾಕ್ಟೀರಿಯಾ ಕಡಿಮೆಯಾಯಿತು. ಆದರೆ ಅಳಿದು ಹೋಗಲಿಲ್ಲ. ಕೆಲವು ಮೇಣಗಳಲ್ಲಿ ಕ್ಷಾರ ಹೆಚ್ಚು, ಕೆಲವಕ್ಕೆ ಆಲ್ಕೊಹಾಲ್ ಸೇರಿಸಿರುತ್ತಾರೆ, ಕೆಲವು ಬರೀ ನೀರಿನ ಮಿಶ್ರಣ. ಅದಕ್ಕೆ ತಕ್ಕಂತೆ ಬ್ಯಾಕ್ಟೀರಿಯಾದ ಆಯುಷ್ಯವೂ ಬದಲಾಗುತ್ತದೆ. ಮೇಣ ಬಳಿದರೆ ಕ್ರಿಮಿ ಸಾಯುತ್ತದೆ ಎಂದು ಯಾರೂ ಭರವಸೆ ಕೊಡಲಾಗದು.

ಬ್ರಷ್‌ನ ಕೂದಲಲ್ಲಿ

ಬ್ಯಾಕ್ಟೀರಿಯಾ ಮೇಣದವರೆಗೆ ಬರುವುದು ಹೇಗೆ? ವಾಷಿಂಗ್ಟನ್ ರಾಜ್ಯ ಅಮೆರಿಕದ ಅತಿ ದೊಡ್ಡ ಸೇಬಿನ ನಾಡು. ಅಲ್ಲಿನ ಪ್ಯಾಕಿಂಗ್ ಹೌಸ್‌ಗಳಲ್ಲಿ ಹಣ್ಣು ತಾಗುವ ಜಾಗಗಳನ್ನು ಒರೆಸಿ ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಲಿಸ್ಟೀರಿಯಾ ಕುಲದ ಬ್ಯಾಕ್ಟೀರಿಯಾ ಹೆಚ್ಚು ಸಿಕ್ಕಿದ್ದು ಮೆರುಗು ಕೊಡುವ ಬ್ರಷ್‌ಗಳಲ್ಲಿ, ಫ್ಯಾನ್‌ಗಳ ಕೆಳಗಿನ ಬ್ರಷ್‌ಗಳಲ್ಲಿ, ಒಣಗಿಸುವ ರೋಲರ್‌ಗಳಲ್ಲಿ. ಇವೆಲ್ಲ ಹಣ್ಣು ತೊಳೆದಾದ ಮೇಲೆ ಬರುವ ಹಂತಗಳು. ತೊಳೆದು ಶುಚಿಯಾದ ಹಣ್ಣಿಗೆ ಮತ್ತೆ ಅಂಟಿಕೊಳ್ಳುವ ಜಾಗಗಳು.

ಮೇಣ ಬಳಿಯುವ ಬ್ರಷ್‌ಗಳನ್ನು ಹಲವು ಕಡೆ ಕುದುರೆಯ ಕೂದಲಿನಿಂದ ಮಾಡುತ್ತಾರೆ. ದಿನದಿಂದ ದಿನಕ್ಕೆ ಅವುಗಳ ಬುಡದಲ್ಲಿ ಮೇಣ ಗಟ್ಟಿಯಾಗಿ ಪದರ ಕಟ್ಟುತ್ತದೆ. ಆ ಪದರ ಬರೀ ನೀರಿಗೆ ಬಿಡುವುದಿಲ್ಲ. ಕ್ರಿಮಿನಾಶಕ ಸುರಿದರೆ ಮೇಲಷ್ಟೇ ತಾಗಿ ಹೋಗುತ್ತದೆ. ಮೊದಲು ಕ್ಷಾರದ ದ್ರಾವಣದಿಂದ ಮೇಣವನ್ನು ಬಿಡಿಸಿ, ಉಜ್ಜಿ ತೊಳೆದು, ಆಮೇಲೆ ಕ್ರಿಮಿನಾಶಕ ಹಾಕಿ, ಪೂರ್ತಿ ಒಣಗಿಸಬೇಕು. ಸುಗ್ಗಿಯ ಒತ್ತಡದಲ್ಲಿ ಯಂತ್ರ ನಿಲ್ಲಿಸಿ ಇಷ್ಟು ಮಾಡುವುದು ಖರ್ಚಿನ ಕೆಲಸ. ಆ ಖರ್ಚು ಉಳಿಸಿದ ದಿನ ಅಪಾಯ ಹಣ್ಣಿನ ಜೊತೆ ಪ್ರಯಾಣ ಹೊರಡುತ್ತದೆ.

ಮೇಣವೇ ಇಲ್ಲದೆಯೂ ಯಂತ್ರ ಜೀವ ತೆಗೆದದ್ದಿದೆ. 2011ರಲ್ಲಿ ಕೊಲೊರಾಡೊದ ಜೆನ್ಸನ್ ಫಾರ್ಮ್ಸ್‌ನ ಕರಬೂಜ ತಿಂದು 28 ರಾಜ್ಯಗಳಲ್ಲಿ 147 ಜನ ಲಿಸ್ಟೀರಿಯಾಕ್ಕೆ ತುತ್ತಾದರು, 33 ಜನ ಸತ್ತರು. ತನಿಖಾಧಿಕಾರಿಗಳು ಅಲ್ಲಿ ಕಂಡದ್ದು ನೆಲದ ಮೇಲೆ ನಿಂತ ನೀರು, ಬಿಡಿಸಿ ತೊಳೆಯಲಾಗದ ಯಂತ್ರ. ಆ ಯಂತ್ರ ಹಿಂದೆ ಆಲೂಗಡ್ಡೆ ತೊಳೆಯಲು ಬಳಕೆಯಾಗುತ್ತಿತ್ತು. ತೊಳೆಯುವ ನೀರಿಗೆ ಕ್ರಿಮಿನಾಶಕವನ್ನೂ ಹಾಕುತ್ತಿರಲಿಲ್ಲ.

ಗೊಬ್ಬರ, ಉದುರು ಹಣ್ಣು, ಅಬ್ಬಿ ನೀರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಾವು ಹೆಚ್ಚಾಗಿ ಅಡಿಕೆ, ಕಾಫಿ, ಕಾಳುಮೆಣಸು, ರಬ್ಬರ್ ಬೆಳೆಯುವವರು. ಹಣ್ಣಿಗೆ ಮೇಣ ಬಳಿಯುವ ಯಂತ್ರ ನಮ್ಮ ತೋಟದಲ್ಲಿಲ್ಲ. ಆದರೆ ಬಾಳೆ, ಅನಾನಸ್, ಕಿತ್ತಳೆ, ಬೆಣ್ಣೆಹಣ್ಣು, ರಂಬುಟಾನ್ ಹೀಗೆ ಅಡಿಕೆಯ ಬೆಲೆ ಮತ್ತು ರೋಗಗಳ ನಡುವೆ ಹಣ್ಣಿನತ್ತ ಕಣ್ಣು ಹಾಕಿದವರು ಅನೇಕರು. ತೊಳೆದು, ವಿಂಗಡಿಸಿ, ಡಬ್ಬಿಗೆ ತುಂಬಿ ದೂರದ ಪೇಟೆಗೆ ಕಳಿಸುವ ಕಾಲ ಇಲ್ಲಿಗೂ ಬರುತ್ತಿದೆ. ಹೊರಗಿನವರು ಜೀವ ತೆತ್ತು ಕಲಿತ ಪಾಠವನ್ನು ನಾವು ಅಷ್ಟು ಬೆಲೆ ಕೊಡದೆ ಕಲಿಯಬಹುದು.

ಮೊದಲನೆಯದು ಗೊಬ್ಬರ. ಲಿಸ್ಟೀರಿಯಾ ಆಹಾರದ ಮೂಲಕ ಹರಡುತ್ತದೆ ಎಂಬುದು ಗಟ್ಟಿಯಾಗಿ ಸಾಬೀತಾದದ್ದೇ 1981ರಲ್ಲಿ, ಕೆನಡಾದ ಪೂರ್ವ ಕರಾವಳಿಯ ಪ್ರಾಂತ್ಯಗಳಲ್ಲಿ. ಕುರಿಗೊಬ್ಬರ ಹಾಕಿ ಬೆಳೆದ ಎಲೆಕೋಸು ಚಳಿಗಾಲವಿಡೀ ದಾಸ್ತಾನಿನಲ್ಲಿದ್ದು, ಹಸಿ ಸಲಾಡ್ ಆಗಿ ಜನರನ್ನು ತಲುಪಿತ್ತು. ಆ ಕುರಿಮಂದೆಯಲ್ಲಿ ಅದೇ ರೋಗಕ್ಕೆ ಕುರಿಗಳು ಸತ್ತಿದ್ದವು. ಒಟ್ಟು 41 ಪ್ರಕರಣಗಳಲ್ಲಿ 34 ಬಸುರಿಯರು ಮತ್ತು ನವಜಾತ ಶಿಶುಗಳಿಗೆ ಸೇರಿದ್ದವು. ಬಯಲುಸೀಮೆಯಿಂದ ಕುರಿಗೊಬ್ಬರ ತರಿಸುವ, ಕೊಟ್ಟಿಗೆ ಗೊಬ್ಬರವನ್ನೇ ನಂಬಿದ ನಮಗೆ ಇದರ ಅರ್ಥ ಗೊಬ್ಬರ ಬಿಡಬೇಕೆಂದಲ್ಲ, ಪೂರ್ತಿ ಕಳಿತ ಗೊಬ್ಬರವನ್ನೇ ಹಾಕಬೇಕು, ಹಣ್ಣು ತರಕಾರಿ ಕೊಯ್ಲಿಗೆ ಬರುವ ಹೊತ್ತಿನಲ್ಲಿ ಹಸಿ ಸಗಣಿ ಗಿಡದ ಮೇಲೆ ಬೀಳಬಾರದು ಎಂದು.

ಎರಡನೆಯದು ನೆಲಕ್ಕೆ ಬಿದ್ದ ಹಣ್ಣು. 1996ರಲ್ಲಿ ಅಮೆರಿಕದ ಓಡ್ವಾಲಾ ಕಂಪನಿಯ ಕಾಯಿಸದ ಸೇಬಿನ ರಸದಿಂದ ಇ.ಕೊಲೈ ಹರಡಿ ಹಲವರು ಕಾಯಿಲೆ ಬಿದ್ದರು, ಒಂದು ಎಳೆಮಗು ತೀರಿಕೊಂಡಿತು. ನೆಲಕ್ಕೆ ಬಿದ್ದ ಹಣ್ಣು ಆ ರಸಕ್ಕೆ ಸೇರಿರಬಹುದು ಎಂಬ ಶಂಕೆ ಇತ್ತು. ದನ ಮೇಯುವ, ಕಾಡುಪ್ರಾಣಿ ಓಡಾಡುವ ನೆಲದ ಮೇಲೆ ಬಿದ್ದ ಹಣ್ಣನ್ನು ಹಸಿಯಾಗಿ ತಿನ್ನಲೋ ಜ್ಯೂಸಿಗೋ ಕಳಿಸುವಾಗ ಈ ಮಗುವಿನ ನೆನಪಿರಲಿ. ಕಾಯಿಸುವ ಅಡುಗೆಗೆ, ಜಾಮಿಗೆ, ಹಪ್ಪಳಕ್ಕೆ ಅದು ಸಲ್ಲುತ್ತದೆ.

ಮೂರನೆಯದು ನೀರು. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ನಮ್ಮ ಹೆಮ್ಮೆ. ಕಣ್ಣಿಗೆ ತಿಳಿಯಾಗಿದೆ ಎಂಬುದು ಪರೀಕ್ಷೆಯ ಫಲಿತಾಂಶವಲ್ಲ. ಮಳೆಗಾಲದಲ್ಲಿ ಮೇಲಿನ ಮೇವಿನ ಜಾಗವನ್ನೆಲ್ಲ ತೊಳೆದುಕೊಂಡೇ ಅದು ಬರುತ್ತದೆ. ಮಾರಾಟದ ಹಣ್ಣು ತೊಳೆಯುವುದಾದರೆ ಕುಡಿಯಲು ಯೋಗ್ಯವಾದ ನೀರೇ ಬೇಕು, ಅದರಲ್ಲಿ ಕ್ಲೋರಿನ್ ಅಳತೆ ಪ್ರಕಾರ ಇರಬೇಕು, ಕೆಸರಾದೊಡನೆ ಬದಲಿಸಬೇಕು. ಮಣ್ಣು ಬೆರೆತ ನೀರಿನಲ್ಲಿ ಕ್ಲೋರಿನ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಶುಂಠಿ ತೊಳೆಯುವ ಜಾಗದಲ್ಲಿ ಕೆಲವೇ ಚೀಲಕ್ಕೆ ನೀರು ಹೇಗೆ ಕೆಂಪಾಗುತ್ತದೆ ಎಂದು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಾವಿನವರಿಗೆ ಇನ್ನೊಂದು ಎಚ್ಚರಿಕೆ. 1999ರ ಕೊನೆಗೆ ಅಮೆರಿಕದ 13 ರಾಜ್ಯಗಳಲ್ಲಿ 78 ಜನರಿಗೆ ಬಂದ ಸಾಲ್ಮೊನೆಲ್ಲಾ ಸೋಂಕಿನ ಮೂಲ ಬ್ರೆಜಿಲ್‌ನ ಮಾವು. ನೊಣದ ಮರಿ ಸಾಯಲೆಂದು ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ, ಆಮೇಲೆ ತಣ್ಣೀರಿಗೆ ಹಾಕುತ್ತಿದ್ದರು. ಬಿಸಿಯಾದ ಹಣ್ಣು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸುತ್ತಲಿನ ನೀರನ್ನು ತೊಟ್ಟಿನ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ನೀರಿನಲ್ಲಿರುವುದೂ ಅದರ ಜೊತೆ ತಿರುಳಿಗೆ ಇಳಿಯುತ್ತದೆ, ಆಮೇಲೆ ಎಷ್ಟು ತೊಳೆದರೂ ಹೊರಬಾರದು. ಬಿಸಿಲಲ್ಲಿ ಕೊಯ್ದ ಹಣ್ಣನ್ನು ಕೂಡಲೇ ಕೊರೆಯುವ ನೀರಿಗೆ ಹಾಕಬೇಡಿ ಎನ್ನುವುದರ ಹಿಂದೆ ಈ ಕಾರಣವಿದೆ.

ಅಡುಗೆಮನೆಯಲ್ಲಿ

ಇಷ್ಟು ಓದಿ ಹಣ್ಣು ತಿನ್ನುವುದನ್ನು ಯಾರಾದರೂ ಬಿಟ್ಟರೆ ಈ ಬರಹ ಸೋತಂತೆ. ಹಣ್ಣಿನಿಂದ ಆಗುವ ಉಪಕಾರ ಈ ಅಪಾಯಕ್ಕಿಂತ ಬಹಳ ದೊಡ್ಡದು. ಮನೆಯಲ್ಲಿ ನಾವು ಮಾಡಬಹುದಾದದ್ದು ಸುಲಭವಾದ ಕೆಲಸಗಳೇ.

ಹಣ್ಣನ್ನು ತಂದ ಕೂಡಲೇ ತೊಳೆದಿಡುವುದಕ್ಕಿಂತ ತಿನ್ನುವ ಮೊದಲು ತೊಳೆಯುವುದು ಮೇಲು, ಒದ್ದೆಯಾಗಿ ಇಟ್ಟ ಹಣ್ಣಿನ ಮೇಲೆ ಕ್ರಿಮಿ ಬೆಳೆಯಲು ಅನುಕೂಲ. ಬಟ್ಟಲಿನ ನಿಂತ ನೀರಿಗಿಂತ ಹರಿಯುವ ನೀರು ಒಳ್ಳೆಯದು. ನೀರಿನ ಕೆಳಗೆ ಕೈಯಿಂದ ಚೆನ್ನಾಗಿ ಉಜ್ಜಬೇಕು. ಗಟ್ಟಿ ಸಿಪ್ಪೆಯ ಹಣ್ಣಿಗೆ ಅದಕ್ಕೆಂದೇ ಇಟ್ಟ ಶುಚಿಯಾದ ಬ್ರಷ್ ಬಳಸಬಹುದು. ಸೋಪು, ಪಾತ್ರೆ ತೊಳೆಯುವ ಪುಡಿ ಬೇಡ, ಅವು ಸಿಪ್ಪೆಯ ಸಣ್ಣ ರಂಧ್ರಗಳಲ್ಲಿ ಉಳಿಯುತ್ತವೆ. ಬಿಸಿನೀರಿನಿಂದ ಮೇಣ ಕರಗಿಸುತ್ತೇನೆ ಎಂಬ ಪ್ರಯತ್ನವೂ ವ್ಯರ್ಥ. ಕಾರ್ನೌಬಾ ಮೇಣ ಕರಗಲು 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಬೇಕು, ಅಷ್ಟರಲ್ಲಿ ಹಣ್ಣು ಬೇಯುತ್ತದೆ. ತೊಳೆದ ಮೇಲೆ ಒಗೆದ ಒಣ ಬಟ್ಟೆಯಿಂದ ಒರೆಸಿ.

ಸೇಬಿನ ತೊಟ್ಟಿನ ಕುಳಿ ಮತ್ತು ಎದುರು ತುದಿಯ ಕುಳಿ, ಎರಡನ್ನೂ ಕತ್ತರಿಸಿ ತೆಗೆಯಿರಿ. 160 ದಿನ ಬ್ಯಾಕ್ಟೀರಿಯಾ ಬದುಕಿದ್ದದ್ದು ಅಲ್ಲೇ. ಸಿಪ್ಪೆ ತೆಗೆದು ತಿನ್ನುವ ಹಣ್ಣನ್ನೂ ಮೊದಲು ತೊಳೆಯಬೇಕು, ಯಾಕೆಂದರೆ ಚಾಕು ಸಿಪ್ಪೆಯ ಮೇಲಿನದನ್ನು ತಿರುಳಿಗೆ ದಾಟಿಸುತ್ತದೆ. ಕಲ್ಲಂಗಡಿ, ಕರಬೂಜ, ಪಪ್ಪಾಯಿಗೆ ಇದು ಇನ್ನೂ ಮುಖ್ಯ, ಅವುಗಳ ತಿರುಳಿನಲ್ಲಿ ಹುಳಿ ಕಡಿಮೆ. ಹೆಚ್ಚಿದ ಹಣ್ಣನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಸಮಾರಂಭದ ಮನೆಗಳಲ್ಲಿ ಬೆಳಿಗ್ಗೆ ಹೆಚ್ಚಿ ಮಧ್ಯಾಹ್ನದ ಪಂಕ್ತಿಗೆ ಬಡಿಸುವ ಹಣ್ಣಿನ ಬಗ್ಗೆ ಅಡುಗೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಬಸುರಿಯರ ವಿಷಯದಲ್ಲಿ ಒಂದು ಹೆಜ್ಜೆ ಹೆಚ್ಚು ಎಚ್ಚರ ಬೇಕು. ಉಳಿದವರಿಗಿಂತ ಅವರಿಗೆ ಲಿಸ್ಟೀರಿಯಾ ತಗಲುವ ಸಾಧ್ಯತೆ ಸುಮಾರು 10 ಪಟ್ಟು. ತಾಯಿಗೆ ಸಣ್ಣ ಜ್ವರ, ಮೈಕೈ ನೋವಿನಷ್ಟರಲ್ಲೇ ಮುಗಿಯಬಹುದಾದ ಸೋಂಕು ಗರ್ಭದ ಕೂಸಿನ ಜೀವ ತೆಗೆಯಬಲ್ಲದು. ತಿಂದ ದಿನಕ್ಕೂ ಕಾಯಿಲೆ ಕಾಣುವ ದಿನಕ್ಕೂ 70 ದಿನಗಳವರೆಗೆ ಅಂತರವಿರಬಹುದು. ಹಾಗಾಗಿ ಯಾವ ಹಣ್ಣು, ಯಾವ ಊಟ ಎಂದು ನೆನಪಿಗೆ ಬರುವುದೇ ಕಷ್ಟ, ರಕ್ತದ ಕಲ್ಚರ್‌ನಂಥ ಪರೀಕ್ಷೆ ಮಾಡದೆ ರೋಗ ಪತ್ತೆಯೂ ಆಗದು. ಬಸುರಿಯಲ್ಲಿ ಕಾರಣ ತಿಳಿಯದ ಜ್ವರ ಕಂಡರೆ ಮನೆಮದ್ದಿನಲ್ಲಿ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಹೊತ್ತಿಗೆ ಸರಿಯಾಗಿ ಗೊತ್ತಾದರೆ ಸಾಮಾನ್ಯ ಆ್ಯಂಟಿಬಯೊಟಿಕ್‌ಗಳೇ ಇದಕ್ಕೆ ಮದ್ದು. ಮಡಿಲು ತುಂಬಿದ ಸೇಬನ್ನು ತೊಳೆದು, ಸಿಪ್ಪೆ ತೆಗೆದು ಕೊಡುವುದೂ ಮಡಿಲು ತುಂಬಿದಷ್ಟೇ ಪ್ರೀತಿಯ ಕೆಲಸ.

ಚೀಟಿ ಪೆಟ್ಟಿಗೆಯ ಮೇಲೆ, ಹಣ್ಣು ತಕ್ಕಡಿಯಲ್ಲಿ

ನಮ್ಮ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟದ 2011ರ ನಿಯಮಗಳ ಪ್ರಕಾರ ತಾಜಾ ಹಣ್ಣು ತರಕಾರಿಗೆ ಖನಿಜ ಎಣ್ಣೆ, ಬಣ್ಣ ಬಳಿಯುವಂತಿಲ್ಲ. ಜೇನುಮೇಣ, ಕಾರ್ನೌಬಾ, ಅರಗುಗಳನ್ನು ಮಿತವಾಗಿ ಬಳಸಬಹುದು, ಆದರೆ ಮೇಣ ಬಳಿದಿದೆ ಎಂದೂ ಅದು ಯಾವ ಮೇಣ ಎಂದೂ ಲೇಬಲ್‌ನಲ್ಲಿ ಹೇಳಲೇಬೇಕು.

ಹೇಳುವುದು ಯಾರಿಗೆ? ಆ ಲೇಬಲ್ ಇರುವುದು ಪೆಟ್ಟಿಗೆಯ ಮೇಲೆ. ಪೆಟ್ಟಿಗೆ ಒಡೆಯುವುದು ಸಗಟು ಮಾರುಕಟ್ಟೆಯಲ್ಲಿ ಅಥವಾ ಅಂಗಡಿಯ ಹಿಂಬದಿಯಲ್ಲಿ. ನಮ್ಮ ಕೈಗೆ ಸಿಗುವುದು ತಕ್ಕಡಿಯ ಬಿಡಿ ಹಣ್ಣು. ಅದರ ಮೇಲಿನ ಪುಟ್ಟ ಸ್ಟಿಕರ್‌ನಲ್ಲಿ ನಾಲ್ಕು ಅಂಕಿ ಇದ್ದರೆ ಅದು ತಳಿ ಮತ್ತು ಗಾತ್ರದ ಗುರುತು, 9ರಿಂದ ಆರಂಭವಾಗುವ ಐದು ಅಂಕಿ ಇದ್ದರೆ ಸಾವಯವ ಎಂಬ ಗುರುತು. ಮೇಣದ ಬಗ್ಗೆಯಾಗಲಿ ಶುಚಿತ್ವದ ಬಗ್ಗೆಯಾಗಲಿ ಆ ಸ್ಟಿಕರ್ ಏನನ್ನೂ ಹೇಳದು. ಕಾನೂನು ಗಿರಾಕಿಗೆಂದು ಬರೆಸಿದ ಮಾತು ಗಿರಾಕಿಯವರೆಗೆ ಬರುತ್ತಲೇ ಇಲ್ಲ.

ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಹಣ್ಣಿನ ರಾಶಿಯ ಪಕ್ಕದಲ್ಲಿ, ಬೆಲೆಯ ಹಲಗೆಯ ಜೊತೆಗೆ ಇಡುವಂತೆ ಆಹಾರ ಸುರಕ್ಷತಾ ಅಧಿಕಾರಿಗಳು ಅಂಗಡಿಯವರಿಗೆ ಹೇಳಲಿ. ಹಣ್ಣಿನ ಪರೀಕ್ಷೆ ಎಂದರೆ ಕ್ಯಾಲ್ಸಿಯಂ ಕಾರ್ಬೈಡ್, ಬಣ್ಣ ಹುಡುಕುವುದಷ್ಟೇ ಎಂಬ ರೂಢಿ ಬದಲಾಗಲಿ. ಪ್ಯಾಕಿಂಗ್ ಕೇಂದ್ರಗಳ ನೀರನ್ನು, ಬ್ರಷ್‌ಗಳನ್ನು, ಮೇಣದ ಡ್ರಮ್‌ಗಳನ್ನು ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಡಲಿ. ಮೇಣದ ವಿದ್ಯೆಯನ್ನು ಬೆಳೆಸಿದ ಮೈಸೂರಿನ ಸಂಶೋಧನಾಲಯದಂಥ ಸಂಸ್ಥೆಗಳು, ನಮ್ಮ ಹವೆಯಲ್ಲಿ, ನಮ್ಮ ಹಣ್ಣುಗಳ ಮೇಲೆ, ಯಾವ ಲೇಪದಡಿ ಯಾವ ಬ್ಯಾಕ್ಟೀರಿಯಾ ಎಷ್ಟು ದಿನ ಬದುಕುತ್ತದೆ ಎಂದು ರೈತರಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ಹೊಸದಾಗಿ ಪ್ಯಾಕಿಂಗ್ ಘಟಕ ಕಟ್ಟುವ ರೈತರ ಸಂಘಗಳು ಯಂತ್ರ ಕೊಳ್ಳುವಾಗ ಗಂಟೆಗೆ ಎಷ್ಟು ಹಣ್ಣು ಎಂದು ಕೇಳುವುದರ ಜೊತೆಗೆ, ಇದನ್ನು ಪೂರ್ತಿ ಬಿಚ್ಚಿ ತೊಳೆಯಲು ಬರುತ್ತದೆಯೇ ಎಂದೂ ಕೇಳಲಿ.

ಅಂಗಡಿಯವರಲ್ಲಿ ನನ್ನದು ಒಂದೇ ವಿನಂತಿ: ಹಣ್ಣನ್ನು ಬಟ್ಟೆಯಿಂದ ಉಜ್ಜುವುದನ್ನು ನಿಲ್ಲಿಸಿ. ಅದರಿಂದ ನಿಮ್ಮ ವ್ಯಾಪಾರಕ್ಕೆ ನಷ್ಟವಾಗಬಾರದು, ಅದನ್ನು ನೋಡಿಕೊಳ್ಳಬೇಕಾದವರು ನಾವು ಗಿರಾಕಿಗಳು. ಹೊಳೆಯುವ ಹಣ್ಣನ್ನೇ ಆರಿಸಿ, ಮಬ್ಬಾದದ್ದನ್ನು ಪಕ್ಕಕ್ಕೆ ತಳ್ಳುವ ನಮ್ಮ ಅಭ್ಯಾಸವೇ ಆ ಬಟ್ಟೆಗೂ ಆ ಬ್ರಷ್‌ಗೂ ಕೆಲಸ ಕೊಟ್ಟಿರುವುದು. ಗಟ್ಟಿಯಾಗಿದ್ದು, ಗಾಯವಿಲ್ಲದೆ, ಕೊಳೆಯದೆ ಇರುವ ಮಬ್ಬು ಹಣ್ಣಿಗೆ ನಾವು ಅದೇ ಬೆಲೆ ಕೊಟ್ಟರೆ, ಹೊಳಪಿಗಾಗಿ ಮಾಡುವ ಖರ್ಚು ಶುಚಿತ್ವದ ಕಡೆಗೆ ತಿರುಗಲು ಕಾರಣ ಸಿಗುತ್ತದೆ.